ಪಾನಕ ಗೊತ್ತಿದ್ದವರಿಗೆ ಒಂದು ಕಾಕ್‌ಟೇಲ್

ರಮ್, ಕಿತ್ತಳೆ, ನಿಂಬೆ, ಮಸಾಲೆಗೆ ಜಿಂಜರ್ ಬಿಯರ್‌ನಂಥ ಶುಂಠಿ ಖಾರ ಸೇರಿಸಿ ಒಂದು ಕಾಕ್‌ಟೇಲ್ ಮಾಡೋಣ. ಶುರುವಿನಲ್ಲೇ ಒಂದು ಗೊಂದಲ ಬಿಡಿಸಿಬಿಡೋಣ. ಜಿಂಜರ್ ಬಿಯರ್ ಅಂದರೆ ಬಿಯರ್ ಅಲ್ಲ. ಅದರಲ್ಲಿ ಬಾರ್ಲಿ ಇಲ್ಲ, ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವೂ ಇಲ್ಲ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಶುಂಠಿ, ಸಕ್ಕರೆ, ನೀರು ಸೇರಿಸಿ ಹುಳಿ ಬರಿಸಿ ಇದನ್ನು ಮಾಡುತ್ತಿದ್ದರು. ಆಗ ಅದರಲ್ಲಿ ಸ್ವಲ್ಪ ಮತ್ತು ಇರುತ್ತಿತ್ತು, ಹಾಗಾಗಿ ಬಿಯರ್ ಎಂಬ ಹೆಸರು ಅಂಟಿಕೊಂಡಿತು. ಇವತ್ತು ಅಂಗಡಿಯಲ್ಲಿ ಈ ಹೆಸರಿನಲ್ಲಿ ಸಿಗುವುದು ಬಹುಪಾಲು ಶುಂಠಿ ಖಾರದ ಸೋಡಾ, ಅಷ್ಟೇ. ಒಮ್ಮೆ ನಮ್ಮ ಚಿಕ್ಕಪ್ಪ ಬಾಟಲಿ ಮೇಲಿನ ಹೆಸರು ಓದಿ, "ಬಿಯರ್ ನನಗಾಗಲ್ಲ ಕಣಪ್ಪ" ಎಂದು ಅದನ್ನು ಪಕ್ಕಕ್ಕೆ ತಳ್ಳಿದರು. ಆಮೇಲೆ ಪಕ್ಕದಲ್ಲಿದ್ದ ರಮ್ ಬಗ್ಗಿಸಿಕೊಂಡರು.

ಜಿಂಜರ್ ಏಲ್ ಎಂಬ ಇನ್ನೊಂದು ಇದೆ. ಅದು ತಿಳಿಯಾಗಿರುತ್ತದೆ, ಸಿಹಿ ಜಾಸ್ತಿ, ಖಾರ ಇಲ್ಲವೇ ಇಲ್ಲ ಅನ್ನಬಹುದು. ಈ ಕಾಕ್‌ಟೇಲ್‌ಗೆ ಅದು ಬೇಡ. ಇಲ್ಲಿ ಗಂಟಲು ಒಂದು ಸಲ ಚುರ್ ಅನ್ನಬೇಕು.

ಈಗ ಪಾನಕದ ವಿಷಯಕ್ಕೆ ಬರೋಣ. ಶುಂಠಿ, ಏಲಕ್ಕಿ, ಮೆಣಸು, ಬೆಲ್ಲ, ನಿಂಬೆ. ರಾಮನವಮಿಗೆ ನಾವು ಕಲಸುವುದು ಇದನ್ನೇ ಅಲ್ವಾ? ನಾನು ಹೇಳಹೊರಟಿರುವ ಕಾಕ್‌ಟೇಲ್‌ನ ಸಾಮಾನೂ ಹೆಚ್ಚುಕಡಿಮೆ ಇದೇ. ನೈವೇದ್ಯದ ಪಾನಕಕ್ಕೆ ರಮ್ ಬೆರೆಸಲು ಹೇಳುತ್ತಿದ್ದಾನೆ ಎಂದು ಬೈಯಬೇಡಿ, ನಾನು ಹೇಳುತ್ತಿರುವುದು ನಾಲಿಗೆಯ ಲೆಕ್ಕ ಮಾತ್ರ. ಈ ರುಚಿ ನಮಗೆ ಹೊಸದಲ್ಲ. ವ್ಯತ್ಯಾಸ ಎರಡೇ. ಪಾನಕಕ್ಕೆ ಒಣ ಶುಂಠಿ, ಇದಕ್ಕೆ ಹಸಿ ಶುಂಠಿ. ಪಾನಕಕ್ಕೆ ಹಣ್ಣಿನ ರಸ ಸಾಕು, ಇದಕ್ಕೆ ಸಿಪ್ಪೆಯೂ ಬೇಕು. ಈ ಎರಡನೆಯದನ್ನು ತಿಳಿಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಕಿತ್ತಳೆ ಹಿಂಡಿ ಹಿಂಡಿ ಹಾಕುತ್ತಿದ್ದೆ, ಲೋಟದಲ್ಲಿ ಕಿತ್ತಳೆಯ ಸುಳಿವೇ ಇರುತ್ತಿರಲಿಲ್ಲ. ಘಮ ಇರುವುದು ಸಿಪ್ಪೆಯ ಎಣ್ಣೆಯಲ್ಲಿ. ರಸದಲ್ಲಿ ಇರುವುದು ಹುಳಿ, ಸಿಹಿ, ನೀರು.

ಮದ್ಯ, ನಿಂಬೆ ಜಾತಿಯ ಹಣ್ಣು, ಶುಂಠಿ ಸೋಡಾ ಮೂರೂ ಸೇರಿದ ಪಾನೀಯಗಳದ್ದು ಒಂದು ದೊಡ್ಡ ಕುಟುಂಬ. ಅದರಲ್ಲಿ ಹೆಚ್ಚು ಹೆಸರಾದದ್ದು ಮಾಸ್ಕೋ ಮ್ಯೂಲ್. ಹೆಸರಲ್ಲಿ ಮಾಸ್ಕೋ ಇದ್ದರೂ ಹುಟ್ಟಿದ್ದು 1941ರ ಸುಮಾರಿಗೆ ಅಮೆರಿಕದಲ್ಲಿ. ಒಬ್ಬನ ಬಳಿ ಖರ್ಚಾಗದ ವೋಡ್ಕಾ ಇತ್ತು, ಲಾಸ್ ಏಂಜಲೀಸ್‌ನಲ್ಲಿ ರೆಸ್ಟೋರೆಂಟ್ ಇಟ್ಟಿದ್ದ ಇನ್ನೊಬ್ಬನ ಬಳಿ ಖರ್ಚಾಗದ ಜಿಂಜರ್ ಬಿಯರ್ ಇತ್ತು, ಇಬ್ಬರೂ ಸೇರಿ ಎರಡನ್ನೂ ಖರ್ಚು ಮಾಡಿದರು ಎನ್ನುವುದು ಎಲ್ಲರೂ ಹೇಳುವ ಕಥೆ. ಮ್ಯೂಲ್ ಅಂದರೆ ಹೇಸರಗತ್ತೆ. ಒದೆ ಹಾಗಿರುತ್ತದೆ ಅಂತ. ಬರ್ಮುಡಾ ದ್ವೀಪದವರು ಇದೇ ಕೆಲಸವನ್ನು ಕಪ್ಪು ರಮ್ ಹಾಕಿ ಮಾಡುತ್ತಾರೆ, ಅದಕ್ಕೆ ಡಾರ್ಕ್ ಅಂಡ್ ಸ್ಟಾರ್ಮಿ ಎಂದು ಹೆಸರು. ನನ್ನದು ಇವೆರಡರ ನಡುವಿನದು. ರಮ್ ಇದೆ, ಕಿತ್ತಳೆ ಇದೆ, ನಮ್ಮ ಮಸಾಲೆ ಡಬ್ಬಿ ಇದೆ.

ತರಬೇಕಾದದ್ದು

ಮೂರು ಕಿತ್ತಳೆ, ಹತ್ತು ನಿಂಬೆಹಣ್ಣು, ಕಾಲು ಕೆಜಿ ಹಸಿ ಶುಂಠಿ, 150 ಗ್ರಾಂ ಸಕ್ಕರೆ, 150 ಗ್ರಾಂ ಜೋನಿ ಬೆಲ್ಲ (ಅಚ್ಚು ಹಾಕದ, ಪಾಕದಂತೆ ಹರಿಯುವ ಬೆಲ್ಲ), ಎರಡು ಬಾಟಲಿ ಸಾದಾ ಸೋಡಾ, ಒಂದು ಹಾಫ್ ಬಾಟಲಿ ರಮ್. ಮಸಾಲೆಗೆ ಎರಡು ಇಂಚು ಚಕ್ಕೆ, ಐದು ಏಲಕ್ಕಿ, ನಾಲ್ಕು ಲವಂಗ, ಹತ್ತು ಕಾಳುಮೆಣಸು, ಒಂದು ಚಕ್ರಮೊಗ್ಗು. ಚಕ್ರಮೊಗ್ಗು ಅಂದರೆ ನಕ್ಷತ್ರದ ಆಕಾರದ್ದು, ಕೆಲವರು ಅನಾನಸ್ ಹೂವು ಅನ್ನುತ್ತಾರೆ. ಬಿಸಿಬೇಳೆ ಬಾತಿಗೆ ಹಾಕುವ ಮರಾಠಿ ಮೊಗ್ಗು ಬೇರೆ, ಅದನ್ನು ಹಾಕಬೇಡಿ. ಈ ಅಳತೆ ಎಂಟು ಲೋಟಕ್ಕೆ ಸಾಕು. ಸಿರಪ್, ಶುಂಠಿ ರಸ ಎರಡೂ ಇನ್ನೂ ಸ್ವಲ್ಪ ಮಿಗುತ್ತವೆ.

ಕಿತ್ತಳೆ ಯಾವುದು? ಕೊಡಗಿನ ಕಿತ್ತಳೆ ಸಿಕ್ಕರೆ ನಿಮ್ಮ ಅದೃಷ್ಟ. ಕಾಫಿ ತೋಟದ ನೆರಳಲ್ಲಿ ಬೆಳೆಯುವ ಈ ಹಣ್ಣಿಗೆ ಭೌಗೋಳಿಕ ಸೂಚಕದ (ಜಿಐ ಟ್ಯಾಗ್) ಮಾನ್ಯತೆಯೂ ಇದೆ, ಆದರೆ ರೋಗ ಬಂದು ಬೆಳೆ ತುಂಬ ಕಡಿಮೆಯಾಗಿದೆ. ಚಳಿಗಾಲದಲ್ಲಿ ಗಾಡಿಗಳಲ್ಲಿ ಬರುವ ನಾಗಪುರದ್ದೂ ಚೆನ್ನಾಗಿಯೇ ಆಗುತ್ತದೆ. ಮೇಣ ಬಳಿದ ಹೊಳೆಯುವ ಆಮದು ಹಣ್ಣಾದರೆ ಬೆಚ್ಚಗಿನ ನೀರಲ್ಲಿ ಹಾಕಿ ಚೆನ್ನಾಗಿ ಉಜ್ಜಿ ತೊಳೆಯಿರಿ, ನಾವು ಬಳಸುವುದು ಸಿಪ್ಪೆಯನ್ನು ತಾನೆ. ನಿಂಬೆ ನಿಮ್ಮೂರಿನದೇ ಆಗಲಿ. ಉತ್ತರ ಕರ್ನಾಟಕದವರು ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ ಇರುವಾಗ ಬೇರೆಯದನ್ನು ಮುಟ್ಟುವುದಿಲ್ಲ ಎಂದು ಗೊತ್ತು. ಗಜನಿಂಬೆ ಸಿಕ್ಕರೆ ಒಂದರ ಸಿಪ್ಪೆ ಸೇರಿಸಿ ನೋಡಿ, ಘಮ ಬೇರೆಯೇ ಬರುತ್ತದೆ. ಹೇರಳೆಕಾಯಿಯ ಸಿಪ್ಪೆಯನ್ನೂ ನಾನು ಪ್ರಯತ್ನಿಸಿದ್ದೇನೆ. ಅದನ್ನು ಉಪ್ಪಿನಕಾಯಿಗೇ ಬಿಡುವುದು ಒಳ್ಳೆಯದು.

ಶುಂಠಿ ಬಲಿತದ್ದು ಬೇಕು. ಎಳೆ ಶುಂಠಿಯಲ್ಲಿ ರಸ ಜಾಸ್ತಿ, ಖಾರ ಕಡಿಮೆ. ಮುರಿದಾಗ ನಾರು ಕಾಣಬೇಕು.

ಹಿಂದಿನ ರಾತ್ರಿ: ಸಿಪ್ಪೆಗೆ ಸಕ್ಕರೆ

ಕಿತ್ತಳೆಗಳ ಮತ್ತು ಎರಡು ನಿಂಬೆಹಣ್ಣಿನ ಸಿಪ್ಪೆಯನ್ನು ತರಕಾರಿ ಹೆರೆಯುವ ಪೀಲರ್‌ನಿಂದ ತೆಳ್ಳಗೆ ತೆಗೆಯಿರಿ. ಬಣ್ಣದ ಭಾಗ ಮಾತ್ರ. ಕೊನೆಗೆ ಲೋಟದ ಮೇಲೆ ಹಿಸುಕಲು ಉಗುರಿನಗಲದ ಕಿತ್ತಳೆ ಸಿಪ್ಪೆಯನ್ನು ಲೋಟಕ್ಕೊಂದರಂತೆ ಎತ್ತಿಡಿ. ಕೆಳಗಿನ ಬಿಳಿ ಪದರ ಬಂದಷ್ಟೂ ಕಹಿ ಬರುತ್ತದೆ. ನಾಗಪುರ, ಕೊಡಗು ಎರಡರದ್ದೂ ಸಡಿಲ ಸಿಪ್ಪೆ, ಪೀಲರ್ ಜಾರುತ್ತದೆ. ಹಾಗಾದರೆ ಸಿಪ್ಪೆಯನ್ನು ಕೈಯಲ್ಲೇ ಸುಲಿದು, ಮಗುಚಿ ಹಲಗೆ ಮೇಲಿಟ್ಟು, ಒಳಗಿನ ಬಿಳಿಯನ್ನು ಚಮಚದಿಂದ ಕೆರೆದುಬಿಡಿ. ಹಣ್ಣು ಫ್ರಿಜ್‌ಗೆ ಹೋಗಲಿ.

ಸಿಪ್ಪೆಗಳನ್ನು ಒಂದು ಗಾಜಿನ ಅಥವಾ ಸ್ಟೀಲ್ ಪಾತ್ರೆಗೆ ಹಾಕಿ, 150 ಗ್ರಾಂ ಸಕ್ಕರೆ ಸುರಿದು, ಕೈಯಿಂದ ಚೆನ್ನಾಗಿ ಹಿಸುಕಿ. ಚೂಡಾ ಮಾಡುವಾಗ ಅವಲಕ್ಕಿಗೆ ಒಗ್ಗರಣೆ ಮೆಲ್ಲಗೆ ಕಲಸುತ್ತೇವಲ್ಲ, ಹಾಗಲ್ಲ. ಕೋಸಂಬರಿಯ ಸೌತೆಕಾಯಿಗೆ ಉಪ್ಪು ಹಾಕಿ ಹಿಂಡುವ ಹಾಗೆ. ಎರಡು ನಿಮಿಷಕ್ಕೆ ಸಕ್ಕರೆ ಒದ್ದೆ ಮರಳಿನಂತಾಗಿ, ಅಡುಗೆಮನೆ ಪೂರ್ತಿ ಕಿತ್ತಳೆ ವಾಸನೆ ಬರುತ್ತದೆ. ಮುಚ್ಚಿ ಇಟ್ಟು ಮಲಗಿ. ಬೆಳಿಗ್ಗೆ ನೋಡಿದರೆ ತಳದಲ್ಲಿ ಹಳದಿ ಪಾಕ ನಿಂತಿರುತ್ತದೆ. ಸಕ್ಕರೆ ಸಿಪ್ಪೆಯೊಳಗಿನ ನೀರನ್ನು ಎಳೆಯುತ್ತದೆ, ಅದರ ಜೊತೆಗೆ ಎಣ್ಣೆಯೂ ಹೊರಗೆ ಬರುತ್ತದೆ.

ಇದು ನನ್ನ ಕಂಡುಹಿಡಿತ ಅಲ್ಲ. ಪಂಚ್ ಎಂಬ ಪಾನೀಯ ಮಾಡುತ್ತಿದ್ದ ಇಂಗ್ಲಿಷರ ಹಳೇ ವಿದ್ಯೆ. 17ನೇ ಶತಮಾನದಲ್ಲಿ ಇಲ್ಲಿಗೆ ವ್ಯಾಪಾರಕ್ಕೆ ಬಂದವರು ಮದ್ಯ, ನಿಂಬೆ, ಸಕ್ಕರೆ, ನೀರು, ಮಸಾಲೆ ಸೇರಿಸಿ ಕುಡಿಯುತ್ತಿದ್ದರು. ಐದು ಸಾಮಾನು, ಅದಕ್ಕೇ ನಮ್ಮ 'ಪಂಚ'ದಿಂದ ಆ ಹೆಸರು ಬಂತು ಎಂದು ಹಲವರ ಅಭಿಪ್ರಾಯ.

ಬೆಳಿಗ್ಗೆ: ಮಸಾಲೆ ನೀರು

ಮಸಾಲೆಗಳನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ. ಹುರಿಯುವುದು ಅಂತಲ್ಲ, ಘಮ ಬಂದ ತಕ್ಷಣ ಇಳಿಸಿ. ಕುಟ್ಟಾಣಿಯಲ್ಲಿ ಎರಡೇ ಏಟು ಹಾಕಿ ತರಿತರಿ ಮಾಡಿ. ಪುಡಿ ಮಾಡಬೇಡಿ. ಚಕ್ಕೆ ಪುಡಿಯನ್ನು ನೀರಿಗೆ ಹಾಕಿದರೆ ಲೋಳೆಯಾಗುತ್ತದೆ, ಎಷ್ಟು ಸೋಸಿದರೂ ಹೋಗುವುದಿಲ್ಲ. ಸಮಯ ಉಳಿಸಲು ಹೋಗಿ ಒಮ್ಮೆ ಡಬ್ಬಿಯಲ್ಲಿದ್ದ ಚಕ್ಕೆ ಪುಡಿ ಹಾಕಿದ್ದೆ. ಲೋಟದ ತಳದಲ್ಲಿ ಕೂತ ಅದನ್ನು ನೋಡಿ ಗೆಳೆಯ "ಇದು ಕಷಾಯ ಅಲ್ವಾ?" ಅಂದ.

200 ಮಿಲಿ ನೀರಿಗೆ ಈ ಮಸಾಲೆ ಹಾಕಿ, ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ, ಒಲೆ ಆರಿಸಿ, ಮುಚ್ಚಿ. ಹದಿನೈದು ನಿಮಿಷ ಬಿಡಿ. ಲವಂಗ ನಾಲ್ಕಕ್ಕಿಂತ ಜಾಸ್ತಿ ಬೇಡ, ಹಲ್ಲುನೋವಿನ ಔಷಧಿಯ ನೆನಪಾಗುತ್ತದೆ. ನೀರು ಇನ್ನೂ ಬಿಸಿ ಇರುವಾಗಲೇ ಸಿಪ್ಪೆ ಸಕ್ಕರೆಯ ಮೇಲೆ ಸೋಸಿ. ಸಕ್ಕರೆ ಕರಗುವವರೆಗೆ ಕಲಕಿ. ಸಿಪ್ಪೆಯನ್ನು ಒಲೆಯ ಮೇಲೆ ಕುದಿಸಲು ಹೋಗಬೇಡಿ, ಕುದಿಸಿದರೆ ಘಮವೆಲ್ಲ ಹಬೆಯ ಜೊತೆ ಹೋಗಿ ಮಾರ್ಮಲೇಡ್ (ಕಿತ್ತಳೆ ಸಿಪ್ಪೆಯ ಜಾಮ್) ರುಚಿ ಮಾತ್ರ ಉಳಿಯುತ್ತದೆ. ಆರಿದ ಮೇಲೆ ಸಿಪ್ಪೆ ತೆಗೆದು, ಸಿರಪ್ ಬಾಟಲಿಗೆ ತುಂಬಿ. 200 ಮಿಲಿ ಆಸುಪಾಸು ಬರುತ್ತದೆ. ಫ್ರಿಜ್‌ನಲ್ಲಿ ಎರಡು ವಾರ ಇರುತ್ತದೆ.

ಶುಂಠಿ, ಅಂದರೆ ಮುಖ್ಯ ಕೆಲಸ

ಇಲ್ಲಿ ಎರಡು ದಾರಿ ಇವೆ. ಒಂದು, ಹಿಂದಿನವರ ಹಾಗೆ ಹುಳಿ ಬರಿಸಿ ನಿಜವಾದ ಜಿಂಜರ್ ಬಿಯರ್ ಮಾಡುವುದು. ಬೇಡ ಅನ್ನುತ್ತೇನೆ. ನಾನು ಮಾಡಿದ್ದೆ. ಶುಂಠಿ, ಸಕ್ಕರೆ, ನೀರನ್ನು ನಾಲ್ಕೈದು ದಿನ ಭರಣಿಯಲ್ಲಿಟ್ಟು ನೊರೆ ಬರಿಸಿ, ಸೋಸಿ, ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಳ ಹಾಕಿಟ್ಟೆ. ಏಪ್ರಿಲ್ ತಿಂಗಳು. ಮೂರನೇ ದಿನ ಮಧ್ಯಾಹ್ನ ಢಬ್ ಎಂದು ಸದ್ದು. ಅಮ್ಮ ಸಿಲಿಂಡರ್ ಅಂದುಕೊಂಡು ಬೀದಿಗೆ ಓಡಿದರು. ಅಲಮಾರಿ ತುಂಬ ಗಾಜಿನ ಚೂರು, ಗೋಡೆ ತುಂಬ ಶುಂಠಿ. ಒಳಗೆ ಯೀಸ್ಟ್ ಸಕ್ಕರೆ ತಿಂದು ಗಾಳಿ ಬಿಡುತ್ತಲೇ ಇರುತ್ತದೆ, ಬಿಸಿಲು ಕಾಲದಲ್ಲಿ ಇನ್ನೂ ಜೋರು. ನಾನು ಹತ್ತಿರ ಇದ್ದಿದ್ದರೆ ಕಣ್ಣು ಹೋಗುತ್ತಿತ್ತು. ಜೊತೆಗೆ, ಹುಳಿ ಬಂದರೆ ಎಷ್ಟಾದರೂ ಆಲ್ಕೋಹಾಲ್ ಆಗುತ್ತದೆ, ಮನೆಯಲ್ಲಿ ಮದ್ಯ ತಯಾರಿಸುವುದಕ್ಕೆ ಅಬಕಾರಿ ಕಾನೂನಿನ ತಕರಾರೂ ಇದೆ.

ಎರಡನೇ ದಾರಿ ಸುಲಭ. ಗಟ್ಟಿ ಶುಂಠಿ ರಸ ಮಾಡಿಟ್ಟುಕೊಂಡು ಬೇಕಾದಾಗ ಸೋಡಾ ಬೆರೆಸುವುದು.

ಶುಂಠಿಯನ್ನು ಮಣ್ಣು ಹೋಗುವಂತೆ ಉಜ್ಜಿ ತೊಳೆದು, ತೆಳ್ಳಗೆ ಬಿಲ್ಲೆ ಹೆಚ್ಚಿ. ನಾರಿಗೆ ಅಡ್ಡವಾಗಿ ಹೆಚ್ಚಿದರೆ ಮಿಕ್ಸಿಯ ಬ್ಲೇಡಿಗೆ ನಾರು ಸುತ್ತಿಕೊಳ್ಳುವುದಿಲ್ಲ. 150 ಮಿಲಿ ತಣ್ಣೀರು ಹಾಕಿ ನುಣ್ಣಗೆ ರುಬ್ಬಿ. ತೆಳು ಬಟ್ಟೆಗೆ ಸುರಿದು, ಗಂಟು ಕಟ್ಟಿ, ಪೂರ್ತಿ ಹಿಂಡಿ. ಕೈ ಸ್ವಲ್ಪ ಉರಿಯುತ್ತದೆ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ. ರಸವನ್ನು ಅರ್ಧ ಗಂಟೆ ಅಲ್ಲಾಡಿಸದೆ ಬಿಡಿ. ತಳದಲ್ಲಿ ಬಿಳಿ ಹಿಟ್ಟಿನಂಥ ಗಸಿ ಕೂರುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಗಸಿಯನ್ನು ಅಲ್ಲೇ ಬಿಡಿ. ಇದನ್ನು ತೆಗೆಯದಿದ್ದರೆ ಪಾನೀಯ ಬಾಯಿಗೆ ಹಿಟ್ಟು ಹಿಟ್ಟಾಗಿ ಸಿಗುತ್ತದೆ.

ತಿಳಿ ರಸಕ್ಕೆ 150 ಗ್ರಾಂ ಜೋನಿ ಬೆಲ್ಲ, ಒಂದು ನಿಂಬೆಯ ರಸ, ಒಂದು ಚಿಟಿಕೆ ಉಪ್ಪು ಹಾಕಿ ಕಲಕಿ. ಮಲೆನಾಡಿನವರ ಮನೆಯಲ್ಲಿ ಜೋನಿ ಇದ್ದೇ ಇರುತ್ತದೆ, ಉಳಿದವರು ಒಳ್ಳೆಯ ಅಚ್ಚು ಬೆಲ್ಲವನ್ನು ತುಸು ನೀರಲ್ಲಿ ಕರಗಿಸಿ, ಕಸ ಸೋಸಿ, ಪೂರ್ತಿ ಆರಿಸಿ ಹಾಕಬಹುದು. ಜೋನಿಯ ಅನುಕೂಲ ಏನೆಂದರೆ ಬಿಸಿ ಮಾಡುವ ಗೊಡವೆಯೇ ಇಲ್ಲ. ಶುಂಠಿ ರಸವನ್ನು ಬಿಸಿ ಮಾಡಲೇಬಾರದು. ಹಸಿ ಶುಂಠಿಯ ಖಾರಕ್ಕೆ ಜಿಂಜರಾಲ್ ಎಂಬ ಅಂಶ ಕಾರಣ. ಬೇಯಿಸಿದರೆ ಅದು ಜಿಂಜರೋನ್ ಆಗಿ ಖಾರ ಮೆತ್ತಗಾಗುತ್ತದೆ. ಒಣಗಿಸಿದರೆ ಶೋಗಾಲ್ ಆಗಿ ಖಾರ ಏರುತ್ತದೆ. ಪಾನಕದ ಒಣ ಶುಂಠಿ ಗಂಟಲಲ್ಲಿ ನಿಂತು ಉರಿಯುವುದು ಅದಕ್ಕೇ. ನಮಗೆ ಬೇಕಾದದ್ದು ಹಸಿ ಶುಂಠಿಯ ಹಸಿ ಖಾರ. ಅದು ತಕ್ಷಣ ಬಂದು ತಕ್ಷಣ ಹೋಗುತ್ತದೆ, ಮುಂದಿನ ಗುಟುಕಿಗೆ ಜಾಗ ಬಿಡುತ್ತದೆ.

ಸಿಪ್ಪೆಗೆ ಸಕ್ಕರೆ, ಶುಂಠಿಗೆ ಬೆಲ್ಲ ಯಾಕೆ ಅಂತ ಕೇಳಬಹುದು. ಬೆಲ್ಲದ ವಾಸನೆ ಕಿತ್ತಳೆ ಘಮವನ್ನು ಮುಚ್ಚಿಬಿಡುತ್ತದೆ. ಶುಂಠಿಗೆ ಆ ಭಯ ಇಲ್ಲ. ರಮ್ ಆಗುವುದೂ ಕಬ್ಬಿನ ಕಾಕಂಬಿಯಿಂದಲೇ, ಬೆಲ್ಲಕ್ಕೂ ಅದಕ್ಕೂ ಹೊಂದುತ್ತದೆ.

ಶುಂಠಿ ರಸ ಫ್ರಿಜ್‌ನಲ್ಲಿ ನಾಲ್ಕು ದಿನ ಸರಿ. ಆಮೇಲೆ ಹುಳಿ ಬರತೊಡಗುತ್ತದೆ. ಜಾಸ್ತಿ ಉಳಿದರೆ ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿಡಿ.

ಪುರುಸೊತ್ತಿಲ್ಲ ಅನ್ನುವವರಿಗೆ ಗೋಲಿ ಸೋಡಾ ಅಂಗಡಿಯ ಜಿಂಜರ್ ಸೋಡಾ ಇದೆ. ಅಂದಹಾಗೆ ಆ ಗೋಲಿ ಬಾಟಲಿಗೆ ಹಕ್ಕುಪತ್ರ ಪಡೆದವನು ಹಿರಮ್ ಕಾಡ್ ಎಂಬ ಇಂಗ್ಲಿಷಿನವನು, 1872ರಲ್ಲಿ. ಆ ಸೋಡಾದಲ್ಲಿ ಸಿಹಿ ಇರುವುದರಿಂದ ಸಿರಪ್ ಅರ್ಧಕ್ಕೆ ಇಳಿಸಿ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರಿಗಂತೂ ಯಾವ ಸೂಪರ್ ಮಾರ್ಕೆಟ್‌ನಲ್ಲಾದರೂ ಒಳ್ಳೆಯ ಜಿಂಜರ್ ಬಿಯರ್ ಸಿಗುತ್ತದೆ. ಮಬ್ಬಾಗಿರುವುದನ್ನು, ತಳದಲ್ಲಿ ಶುಂಠಿಯ ಚೂರು ಕೂತಿರುವುದನ್ನು ಆರಿಸಿ.

ಸಂಜೆ: ಲೋಟಕ್ಕೆ

ಸೋಡಾ ಬೆಳಿಗ್ಗೆಯೇ ಫ್ರಿಜ್‌ಗೆ ಹೋಗಿರಬೇಕು. ಬೆಚ್ಚಗಿನ ಸೋಡಾದಲ್ಲಿ ಗ್ಯಾಸ್ ನಿಲ್ಲುವುದಿಲ್ಲ, ಐಸ್ ಮೇಲೆ ಬಿದ್ದ ಕೂಡಲೇ ಬುಸ್ ಎಂದು ಹೊರಟುಹೋಗುತ್ತದೆ. ಐಸ್ ಆದಷ್ಟು ದೊಡ್ಡ ತುಂಡು ಇರಲಿ. ಸಣ್ಣ ಸ್ಟೀಲ್ ಬಟ್ಟಲುಗಳಲ್ಲಿ ನೀರಿಟ್ಟರೆ ದೊಡ್ಡ ಗಡ್ಡೆಯಾಗುತ್ತದೆ, ನಿಧಾನ ಕರಗುತ್ತದೆ.

ಎತ್ತರದ ಲೋಟ, 300 ಮಿಲಿಯದ್ದು. ಐಸ್ ತುಂಬಿ. ರಮ್ 45 ಮಿಲಿ, ಅಂದರೆ ಒಂದೂವರೆ ಸ್ಮಾಲ್. ಹೊಸದಾಗಿ ಹಿಂಡಿದ ನಿಂಬೆ ರಸ 20 ಮಿಲಿ. ಸಿಪ್ಪೆ ಸಿರಪ್ 15 ಮಿಲಿ. ಶುಂಠಿ ರಸ 25 ಮಿಲಿ. ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ ತೊಳೆದಿಟ್ಟುಕೊಂಡರೆ ಸಾಕು, ಅದರಲ್ಲಿ ಗೆರೆ ಇರುತ್ತದೆ. ಉದ್ದ ಚಮಚದಿಂದ ಹತ್ತು ಸುತ್ತು ಕಲಕಿ. ಆಮೇಲೆ 100 ಮಿಲಿ ಸೋಡಾವನ್ನು ಲೋಟದ ಪಕ್ಕದಿಂದ ನಿಧಾನ ಇಳಿಸಿ. ಕೊನೆಗೆ ತಳದಿಂದ ಮೇಲಕ್ಕೆ ಒಂದೇ ಒಂದು ಸಲ ಎತ್ತಿ ಬಿಡಿ. ಸೋಡಾ ಹಾಕಿದ ಮೇಲೆ ಗರಗರ ಕಲಕುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ನೋಡಲು ಚೆಂದ ಬೇಕಾದರೆ ರಮ್ ಅನ್ನು ಮೊದಲು ಹಾಕದೆ ಉಳಿದದ್ದನ್ನೆಲ್ಲ ಸೇರಿಸಿ, ಕೊನೆಗೆ ಚಮಚದ ಬೆನ್ನಿನ ಮೇಲಿಂದ ರಮ್ ಇಳಿಸಿ. ಕೆಳಗಿನದರಲ್ಲಿ ಸಿಹಿ ಇರುವುದರಿಂದ ಅದು ಭಾರ, ರಮ್ ಮೇಲೆ ಕಪ್ಪು ಮೋಡದ ಹಾಗೆ ತೇಲುತ್ತದೆ. ಕುಡಿಯುವ ಮುಂಚೆ ಕಲಕಿಕೊಳ್ಳಲು ಅತಿಥಿಗೆ ಹೇಳಿ, ಇಲ್ಲದಿದ್ದರೆ ಮೊದಲ ಗುಟುಕೇ ಬರೀ ರಮ್.

ಕೊನೆಯದಾಗಿ, ಉಗುರಿನಗಲದ ಒಂದು ಕಿತ್ತಳೆ ಸಿಪ್ಪೆಯನ್ನು ಲೋಟದ ಮೇಲೆ ಹಿಡಿದು ಮಡಚಿ ಹಿಸುಕಿ. ಎಣ್ಣೆ ಸಣ್ಣಗೆ ಚಿಮ್ಮುತ್ತದೆ. ಸಿಪ್ಪೆಯನ್ನು ಒಳಗೇ ಬಿಡಿ. ಪುದೀನ ಬೇಡ. ಎಲ್ಲದಕ್ಕೂ ಪುದೀನ ಸಿಕ್ಕಿಸುವುದು ಒಂದು ಚಟವಾಗಿಬಿಟ್ಟಿದೆ.

ರುಚಿ ನೋಡಿ ಸರಿಪಡಿಸಿಕೊಳ್ಳಿ. ಸಪ್ಪೆ ಅನ್ನಿಸಿದರೆ ಮೊದಲು ನಿಂಬೆ ಹೆಚ್ಚಿಸಿ, ಸಿಹಿ ಅಲ್ಲ. ಖಾರ ತಡೆಯದವರಿಗೆ ಶುಂಠಿ 15 ಮಿಲಿ ಸಾಕು.

ತಾಮ್ರದ ಲೋಟದ ಬಗ್ಗೆ ಒಂದು ಮಾತು. ಮ್ಯೂಲ್ ಅನ್ನು ತಾಮ್ರದ ಮಗ್‌ನಲ್ಲಿ ಕೊಡುವುದು ರೂಢಿ, ಫೋಟೋದಲ್ಲಿ ಚೆನ್ನಾಗಿಯೂ ಕಾಣುತ್ತದೆ. ಮನೆಯಲ್ಲಿ ನೀರು ಕುಡಿಯುವ ತಾಮ್ರದ ಲೋಟ ಇದೆ, ಅದರಲ್ಲೇ ಮಾಡೋಣ ಎಂದು ಹೊರಡಬೇಡಿ. ಹುಳಿ ತಾಮ್ರವನ್ನು ಕರಗಿಸುತ್ತದೆ, ಅದು ಹೊಟ್ಟೆಗೆ ಒಳ್ಳೆಯದಲ್ಲ. ಕಲಾಯಿ ಇಲ್ಲದ ತಾಮ್ರದಲ್ಲಿ ಹುಳಿ ಇಡಬಾರದು ಎಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಒಳಗೆ ಸ್ಟೀಲ್ ಪದರ ಇರುವ ಮಗ್ ಆದರೆ ತೊಂದರೆ ಇಲ್ಲ.

ರಮ್ ಬದಲು ವೋಡ್ಕಾ ಹಾಕಿದರೆ ಶುಂಠಿ ಎದ್ದು ಕಾಣುತ್ತದೆ. ವಿಸ್ಕಿಯೂ ಆಗುತ್ತದೆ, ಹೊಗೆ ವಾಸನೆಯದ್ದು ಮಾತ್ರ ಬೇಡ.

ಕುಡಿಯದವರಿಗೆ

ಇದನ್ನು ಸುಮ್ನೆ ರಮ್ ಬಿಟ್ಟು ಮಾಡಿಕೊಟ್ಟರೆ ಸಿಹಿ ಶರಬತ್ತಾಗುತ್ತದೆ. ಮದ್ಯ ಕೊಡುತ್ತಿದ್ದ ಒಗರು ಬೇರೆ ಕಡೆಯಿಂದ ಬರಬೇಕು. ಹಾಲಿಲ್ಲದ ಟೀ ಡಿಕಾಕ್ಷನ್ ಗಟ್ಟಿಯಾಗಿ ಮಾಡಿ, ತಣ್ಣಗಾಗಿಸಿ, ರಮ್ ಜಾಗಕ್ಕೆ 45 ಮಿಲಿ ಹಾಕಿ. ಬಣ್ಣವೂ ಅದೇ ಬರುತ್ತದೆ. ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಕಾದವರಿಗೂ ಇದನ್ನೇ ಕೊಡಿ. ನಮ್ಮ ಮನೆಯಲ್ಲಿ ಒಮ್ಮೆ ಎರಡು ಜಗ್ ಅಕ್ಕಪಕ್ಕ ಇಟ್ಟು ಯಾವುದು ಯಾವುದೆಂದು ಮರೆತೇ ಹೋಗಿತ್ತು. ಆಮೇಲಿಂದ ಟೀ ಜಗ್‌ನ ಹಿಡಿಗೆ ದಾರ ಕಟ್ಟುತ್ತೇನೆ.

ಎಂಟು ಜನಕ್ಕೆ ಒಟ್ಟಿಗೆ ಬೇಕಾದರೆ ರಮ್ 360, ನಿಂಬೆ ರಸ 160, ಸಿರಪ್ 120, ಶುಂಠಿ ರಸ 200 ಮಿಲಿ ಜಗ್‌ನಲ್ಲಿ ಬೆರೆಸಿ ಫ್ರಿಜ್‌ನಲ್ಲಿಡಿ. ಪ್ರತಿ ಲೋಟಕ್ಕೆ 105 ಮಿಲಿ ಸುರಿದು ಮೇಲೆ ಸೋಡಾ. ಜಗ್‌ಗೇ ಸೋಡಾ ಹಾಕಿಟ್ಟರೆ ಮೂರನೆಯವರ ಲೋಟ ತುಂಬುವಷ್ಟರಲ್ಲಿ ಗ್ಯಾಸ್ ಸತ್ತಿರುತ್ತದೆ.

ಹಿಂಡಿದ ಶುಂಠಿ ನಾರನ್ನು ಎಸೆಯಬೇಡಿ. ತಟ್ಟೆಯಲ್ಲಿ ಹರಡಿ ಬಿಸಿಲಿಗಿಟ್ಟರೆ ಎರಡು ದಿನಕ್ಕೆ ಗರಿಗರಿ ಒಣಗುತ್ತದೆ, ಒಂದು ವಾರದ ಟೀಗೆ ಆಗುತ್ತದೆ. ಸಿರಪ್‌ನಿಂದ ತೆಗೆದ ಸಿಪ್ಪೆಯನ್ನು ನಮ್ಮ ಮನೆಯಲ್ಲಿ ಒಣಗಿಸುವ ತನಕ ಬಿಡುವುದೇ ಇಲ್ಲ, ಮಕ್ಕಳು ಹಾಗೇ ಚೀಪಿ ಮುಗಿಸುತ್ತಾರೆ. ಹಣ್ಣು ಫ್ರಿಜ್‌ನಲ್ಲಿ ಇದೆಯಲ್ಲ, ಅದನ್ನು ಮರುದಿನದ ತಿಂಡಿಯ ಜೊತೆ ತಿನ್ನಿ.